ವಿಡಿಯೋ ಗೇಮ್: ಹಳೆಯ ಯಂತ್ರವೋ, ಹೊಸದೋ?

ಪರೀಕ್ಷೆ ಮುಗಿದು ಬೇಸಿಗೆ ರಜೆ ಹತ್ತಿರ ಬಂದಂತೆ ನಮ್ಮ ದವಾಖಾನೆಗೆ ಬರುವ ಪಾಲಕರ ಪ್ರಶ್ನೆಗಳೂ ಬದಲಾಗುತ್ತವೆ. ವಾಂತಿಭೇದಿ, ಬೆವರುಸಾಲೆ, ಮೂಗಿನಿಂದ ರಕ್ತ ಇವು ಪ್ರತಿ ವರ್ಷದ ದೂರುಗಳು. ಇವುಗಳ ಜೊತೆಗೆ ಈಚೆಗೆ ಇನ್ನೊಂದು ಸೇರಿಕೊಂಡಿದೆ. "ಡಾಕ್ಟರ್ರ, ಹುಡುಗರು ವಿಡಿಯೋ ಗೇಮಿಗೆ ಗಂಟು ಬಿದ್ದಾರ. ದುಬೈದಾಗಿರೋ ಅವರ ಕಾಕಾ ತರ್ತೀನಿ ಅಂದಾನ. ಹಳೇದು ತರಸೋಣೇನು, ಹೊಸಾದು ತರಸೋಣೇನು? ಕಣ್ಣಿಗೆ ಯಾವುದು ಕಮ್ಮಿ ತ್ರಾಸು?"

ಇರಕಲ್ಲಗಡದಂತಹ ಊರಿನಲ್ಲಿ ಇಂತಹ ಪ್ರಶ್ನೆಯೇ ಎಂದು ಪಟ್ಟಣದ ಓದುಗರು ಹುಬ್ಬೇರಿಸಬಹುದು. ಮನೆಗೊಬ್ಬರು ಬೆಂಗಳೂರಿನಲ್ಲೋ, ಗಿಣಿಗೇರಿಯ ಕಾರ್ಖಾನೆಯಲ್ಲೋ, ಕೊಲ್ಲಿ ದೇಶದಲ್ಲೋ ದುಡಿಯುತ್ತಿರುವ ಕಾಲವಿದು. ಊರಿಗೆ ಬರುವ ಚೀಲದಲ್ಲಿ ಖರ್ಜೂರದ ಪಕ್ಕ ಆಟದ ಯಂತ್ರವೂ ಇರುತ್ತದೆ. ಅಲ್ಲದೆ ಆಟಿಕೆಯೆಂಬುದು ನಮ್ಮ ಕೊಪ್ಪಳ ಸೀಮೆಗೆ ಹೊಸತೇನೂ ಅಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಚ್ಚುತ್ತ ಬಂದು ಎಷ್ಟೋ ತಲೆಮಾರುಗಳಾದವು. ಭಾನಾಪುರದಲ್ಲಿ ಆಟಿಕೆಗಳ ಕೈಗಾರಿಕಾ ವಲಯಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು.

ಹಳೆಯದೋ ಹೊಸದೋ ಎಂಬ ಚರ್ಚೆಯೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಟಿ.ವಿ.ಗೆ ತಂತಿ ಸಿಕ್ಕಿಸಿ ಆಡುವ ಅಗ್ಗದ ಪೆಟ್ಟಿಗೆಗಳು ಬಂದಿದ್ದವು. ಹೆಚ್ಚಿನವು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲುಗಳು. ಮಾರಿಯೊ ಎಂಬ ಮೀಸೆಯ ಮನುಷ್ಯ ಅಣಬೆ ತುಳಿಯುತ್ತ ಓಡುವುದನ್ನು ಆಡದ ನನ್ನ ವಯಸ್ಸಿನವರು ಕಡಿಮೆ. ನಾನೂ ಆಡಿದವನೇ. ಆದ್ದರಿಂದ ಮಕ್ಕಳ ಆಸೆ ನನಗೆ ಅರ್ಥವಾಗುತ್ತದೆ. ಪಾಲಕರ ಅಂಜಿಕೆಯೂ ಅರ್ಥವಾಗುತ್ತದೆ.

ಮೊದಲು ಅಂಗಡಿಯವರ ಮಾತನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಸೋನಿಯವರ ಪ್ಲೇಸ್ಟೇಷನ್ 5 ಎಂಬುದು ಟಿ.ವಿ.ಯ ಪಕ್ಕದಲ್ಲಿ ಕೂರುವ ಯಂತ್ರ. ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಇದರ ಬೆಲೆ 49,990 ರೂಪಾಯಿ, ಅಂದರೆ ನಮ್ಮ ಕಡೆ ಹಯನಿನ ಎಮ್ಮೆಗೆ ಕೊಡುವಂತಹ ಹಣ. ನಿಂಟೆಂಡೊದವರ ಸ್ವಿಚ್ ಎಂಬುದು 2017ರಲ್ಲಿ ಬಂದದ್ದು. ಇದನ್ನು ಒಂದು ತೊಟ್ಟಿಲಲ್ಲಿ ಇಟ್ಟರೆ ಚಿತ್ರ ಟಿ.ವಿ.ಯಲ್ಲಿ ಮೂಡುತ್ತದೆ, ಎತ್ತಿಕೊಂಡರೆ ಕೈಯಲ್ಲೇ ಆಡಬಹುದು. ಇದರ ಹೊಸ ಅವತಾರ ಸ್ವಿಚ್ 2, 2025ರ ಜೂನ್ 5ರಂದು ಬಿಡುಗಡೆಯಾಯಿತು. ದುಬೈ ಕಾಕಾನ ಚೀಲದ ಬಗ್ಗೆ ನನ್ನನ್ನು ಕೇಳುವವರೆಲ್ಲ ಬಹುತೇಕ ಈ ಎರಡು ಸ್ವಿಚ್‌ಗಳ ನಡುವೆಯೇ ಸಿಕ್ಕಿಕೊಂಡಿರುತ್ತಾರೆ. ಹಳೆಯದರ ಪರದೆ 6.2 ಅಂಗುಲ, ಹೊಸದರದು 7.9 ಅಂಗುಲ. ತೂಕ ಹಳೆಯದು ಸುಮಾರು 400 ಗ್ರಾಂ, ಹೊಸದು 530 ಗ್ರಾಂಗೂ ಸ್ವಲ್ಪ ಹೆಚ್ಚು. ಹೊಸದು ವೇಗದ್ದು, ಚಿತ್ರ ನುಣುಪು, ಹಳೆಯ ಆಟಗಳಲ್ಲಿ ಹೆಚ್ಚಿನವು ಇದರಲ್ಲೂ ನಡೆಯುತ್ತವೆ. ವೇಗ ಮತ್ತು ನುಣುಪಿನ ವಿಷಯ ಅಂಗಡಿಯವರಿಗೆ ಬಿಡುತ್ತೇನೆ. ವೈದ್ಯನಾಗಿ ನನಗೆ ಮುಖ್ಯವಾದದ್ದು ಬೇರೆ: ಯಂತ್ರ ಮನೆಯ ಯಾವ ಜಾಗದಲ್ಲಿ ಕೂರುತ್ತದೆ, ಮಗುವಿನ ಕಣ್ಣಿನಿಂದ ಎಷ್ಟು ದೂರದಲ್ಲಿರುತ್ತದೆ, ಮತ್ತು ಆಟಕ್ಕೆ ಮುಗಿತಾಯ ಇದೆಯೇ ಇಲ್ಲವೇ ಎಂಬುದು.

ಕಣ್ಣಿನ ಲೆಕ್ಕ

"ಟಿ.ವಿ. ನೋಡಿ ಕಣ್ಣು ಕೆಟ್ಟಿತು" ಎಂಬುದು ಮನೆಮನೆಯ ಮಾತು. ಇದು ಅರ್ಧ ಸತ್ಯ. ಮಕ್ಕಳಲ್ಲಿ ಹೆಚ್ಚುತ್ತಿರುವ ತೊಂದರೆ ಸಮೀಪದೃಷ್ಟಿ. ಹತ್ತಿರದ್ದು ಕಾಣುತ್ತದೆ, ಕರಿಹಲಗೆ ಮಸುಕಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಇರಬೇಕಾದುದಕ್ಕಿಂತ ಉದ್ದವಾಗಿ ಬೆಳೆಯುವುದರಿಂದ ಹೀಗಾಗುತ್ತದೆ. ಒಮ್ಮೆ ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಚಷ್ಮಾ ನೋಟವನ್ನು ಸರಿಪಡಿಸುತ್ತದೆಯೇ ಹೊರತು ಕಣ್ಣನ್ನಲ್ಲ. ತಂದೆತಾಯಿಗೆ ಚಷ್ಮಾ ಇದ್ದರೆ ಮಗುವಿಗೆ ಬರುವ ಸಂಭವ ಹೆಚ್ಚು. ಅದರ ಜೊತೆಗೆ ದಿನವಿಡೀ ಹತ್ತಿರದ ವಸ್ತುವನ್ನು ದಿಟ್ಟಿಸುವುದು ಮತ್ತು ಹೊರಗಿನ ಬೆಳಕಿಗೆ ಹೋಗದೇ ಇರುವುದು ಸೇರಿದರೆ ಚಷ್ಮಾದ ನಂಬರು ಏರುತ್ತ ಹೋಗುತ್ತದೆ.

ಈಗ ದೂರ ಅಳೆಯಿರಿ. ಕೈಯಲ್ಲಿ ಹಿಡಿದ ಆಟದ ಯಂತ್ರ ಮಗುವಿನ ಕಣ್ಣಿನಿಂದ ಒಂದು ಅಡಿ, ಹೆಚ್ಚೆಂದರೆ ಒಂದೂವರೆ ಅಡಿ. ಅಡ್ಡ ಮಲಗಿ ಆಡಿದರೆ ಅದಕ್ಕಿಂತಲೂ ಹತ್ತಿರ. ಅದೇ ಆಟ ಪಡಸಾಲೆಯ ಟಿ.ವಿ.ಯಲ್ಲಿ ಮೂಡಿದರೆ ಎಂಟು, ಹತ್ತು ಅಡಿ. ಆ ದೂರದಲ್ಲಿ ಕಣ್ಣಿನೊಳಗಿನ ಸ್ನಾಯುವಿಗೆ ಹೆಚ್ಚು ಕಡಿಮೆ ವಿಶ್ರಾಂತಿಯೇ. ಅಂದರೆ ಒಂದೇ ಯಂತ್ರ, ಒಂದೇ ಆಟ. ತೊಟ್ಟಿಲಲ್ಲಿದ್ದರೆ ಒಂದು ಲೆಕ್ಕ, ಕೈಗೆ ಬಂದರೆ ಇನ್ನೊಂದು. ಹೊಸ ಯಂತ್ರದ ಪರದೆ ದೊಡ್ಡದು ಎಂಬ ಕಾರಣಕ್ಕೆ ಅದು ಕಣ್ಣಿಗೆ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ಅಕ್ಷರ ದಪ್ಪ ಕಾಣುತ್ತದೆ ನಿಜ; ದೂರ ಮಾತ್ರ ಅಷ್ಟೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 2019ರಲ್ಲಿ ಬಂದ ಸ್ವಿಚ್ ಲೈಟ್ ಎಂಬ ಅಗ್ಗದ ಮಾದರಿಯೊಂದಿದೆ. ಇದನ್ನು ಟಿ.ವಿ.ಗೆ ಜೋಡಿಸಲು ಬರುವುದೇ ಇಲ್ಲ, ಕೈಯಲ್ಲೇ ಆಡಬೇಕು. ಕಡಿಮೆ ಬೆಲೆ ನೋಡಿ "ಹುಡುಗರಿಗೆ ಇಷ್ಟು ಸಾಕು" ಎಂದು ತರುವವರು ಇದನ್ನೇ ತರುತ್ತಾರೆ. ಈಗಾಗಲೇ ಚಷ್ಮಾ ಬಂದಿರುವ, ವರ್ಷವರ್ಷವೂ ನಂಬರು ಏರುತ್ತಿರುವ ಮಗುವಿರುವ ಮನೆಗೆ ಈ ಮಾದರಿ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಹೊರಗಿನ ಬೆಳಕಿನ ಮಹತ್ವ ಬರೀ ಅಜ್ಜಿಯ ಮಾತಲ್ಲ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು. ಮೂರು ವರ್ಷಗಳ ಬಳಿಕ ಈ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದಿತ್ತು. ಉಳಿದ ಶಾಲೆಗಳಲ್ಲಿ ಇದು ನೂರಕ್ಕೆ ಸುಮಾರು 40. ದಿನಕ್ಕೆ ಎರಡು ತಾಸು ಹೊರಗಿರುವುದು ಒಳ್ಳೆಯದೆಂದು ನೇತ್ರತಜ್ಞರು ಹೇಳುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಬಿಡಿ ಎಂದು ಯಾರೂ ಹೇಳಲಾರರು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ನಂತರ ಬಿಡಿ. ಬೇವಿನ ಮರದ ನೆರಳೂ ನಡೆಯುತ್ತದೆ, ಏಕೆಂದರೆ ಮನೆಯೊಳಗಿನ ಬೆಳಕಿಗಿಂತ ಆ ನೆರಳಿನ ಬೆಳಕು ಎಷ್ಟೋ ಪಾಲು ಹೆಚ್ಚು. ಲಗೋರಿಯೋ, ಕ್ರಿಕೆಟ್ಟೋ, ಸುಮ್ಮನೆ ತಿರುಗಾಟವೋ, ಯಾವುದಾದರೂ ಸರಿ.

ಆಟ ತಂದ ರೋಗವಲ್ಲ

ಕಣ್ಣಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ. ನನಗೆ ಹೆಚ್ಚು ಚಿಂತೆಯಿರುವುದು ಅದರ ಬಗ್ಗೆಯೇ.

ಕೆಲವು ವರ್ಷಗಳ ಹಿಂದೆ ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗನೊಬ್ಬನನ್ನು ನಸುಕಿನಲ್ಲಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ತಂದರು. ದೀಪ ಆರಿಸಿದ ಕೋಣೆಯಲ್ಲಿ, ಹಳೆಯ ಟಿ.ವಿ.ಗೆ ಒಂದು ಗಜ ದೂರದಲ್ಲಿ ಕುಳಿತು ಅಣ್ಣನ ಜೊತೆ ರಾತ್ರಿಯಿಡೀ ಆಡಿದ್ದ. ಇದ್ದಕ್ಕಿದ್ದಂತೆ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಬಿದ್ದಿದ್ದ. ಅಂಗೈಯಲ್ಲಿ ಕೀಲಿಕೈ ಒತ್ತಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ನಾನು ನೋಡುವ ಹೊತ್ತಿಗೆ ಎಚ್ಚರ ಬಂದಿತ್ತು. ಮನೆಯವರ ನಿರ್ಣಯವೂ ಆಗಿಹೋಗಿತ್ತು: ಯಂತ್ರವನ್ನು ಮಾರಿಬಿಡುವುದು, ವಿಷಯವನ್ನು ಅಲ್ಲಿಗೇ ಮುಚ್ಚುವುದು. "ಫಿಟ್ಸ್ ಅಂತ ಊರಾಗ ಗೊತ್ತಾದ್ರ ನಾಳೆ ಅವನ ಅಕ್ಕನ ಲಗ್ನಕ್ಕೂ ತೊಡಕಾಕ್ಕೈತ್ರಿ" ಎಂದು ತಾಯಿ ಮೆಲ್ಲಗೆ ಹೇಳಿದಳು.

ಮಾತು ಮುಂದುವರಿದಾಗ ಒಂದು ಸಂಗತಿ ಹೊರಬಿತ್ತು. ಕೆಲವು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಹುಡುಗನ ಕೈ ಒಮ್ಮೊಮ್ಮೆ ಝಟ್ಟನೆ ಅದುರುತ್ತಿತ್ತು. ಚಹಾದ ಕಪ್ಪು ಎರಡು ಮೂರು ಸಲ ಕೈಯಿಂದ ಹಾರಿಹೋಗಿತ್ತು, ನಿಗಾ ಇಲ್ಲವೆಂದು ಬೈಸಿಕೊಂಡಿದ್ದ. ಇದು ಹದಿಹರೆಯದಲ್ಲಿ ತಲೆದೋರುವ ಒಂದು ಬಗೆಯ ಮೂರ್ಛೆರೋಗದ ಲಕ್ಷಣ. ನಿದ್ದೆಗೆಟ್ಟರೆ ಇದು ಕೆರಳುತ್ತದೆ. ಈ ರೋಗವಿರುವವರಲ್ಲಿ ಹಲವರಿಗೆ ಮಿನುಗುವ ಬೆಳಕೂ ಆಗದು. ನರರೋಗ ತಜ್ಞರ ಬಳಿ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಅಂದರೆ ಇ.ಇ.ಜಿ. ಆದ ಮೇಲೆ ಇದು ಖಚಿತವಾಯಿತು. ಗುಳಿಗೆ ಶುರುವಾಯಿತು.

ಆ ಮನೆಯವರು ಯಂತ್ರ ಮಾರಿ ಸುಮ್ಮನಾಗಿದ್ದರೆ ರೋಗ ಮನೆಯಲ್ಲೇ ಉಳಿಯುತ್ತಿತ್ತು. ಮುಂದಿನ ಫಿಟ್ಸ್ ಬಾವಿಯ ಕಟ್ಟೆಯ ಮೇಲೋ, ಈಜುವಾಗಲೋ, ಸೈಕಲ್ ಮೇಲೋ ಬರುತ್ತಿತ್ತು. ಆಟ ಅವನ ರೋಗವನ್ನು ಹುಟ್ಟಿಸಲಿಲ್ಲ, ಅದನ್ನು ಹೊರಗೆ ಹಾಕಿತು. ಫಿಟ್ಸ್ ಬಂದ ಮಗುವಿನ ಪಾಲಕರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ತಪ್ಪನ್ನು ಯಂತ್ರದ ತಲೆಗೆ ಕಟ್ಟಿದರೆ ಮನಸ್ಸಿಗೆ ಸಮಾಧಾನ. ಆದರೆ ಗುಳಿಗೆ ತಪ್ಪುತ್ತದೆ.

ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಬೆಳಕಿನಿಂದ ಫಿಟ್ಸ್ ಬರುವ ಗುಣವಿರುತ್ತದೆ. ಆದ್ದರಿಂದ ಆಡುವ ಮಕ್ಕಳೆಲ್ಲ ಹೆದರಬೇಕಾಗಿಲ್ಲ. ಆದರೆ ಈ ಗುಣ ಹೆಚ್ಚಾಗಿ ಕಾಣಿಸಿಕೊಳ್ಳುವುದು ಶಾಲಾ ವಯಸ್ಸಿನಲ್ಲೇ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು, ಅದರಲ್ಲೂ ಕಡುಗೆಂಪು, ಹೆಚ್ಚು ಅಪಾಯದ್ದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಬದಲಾಗುವ ದೃಶ್ಯವಿತ್ತು. ಆ ಒಂದು ಸಂಜೆ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಆಟದ ಯಂತ್ರಗಳ ಜೊತೆ ಬರುವ ಪುಸ್ತಿಕೆಯಲ್ಲಿ ಫಿಟ್ಸ್ ಬಗ್ಗೆ ಎಚ್ಚರಿಕೆ ಅಚ್ಚಾಗಿರುವುದು ಸುಮ್ಮನೆ ಅಲ್ಲ. ಅದನ್ನು ಓದಿ ಮುಗಿಸಿದ ಪಾಲಕರನ್ನು ನಾನು ಇನ್ನೂ ಕಂಡಿಲ್ಲ.

ಈ ವಿಷಯದಲ್ಲಿ ಮಾತ್ರ ಹೊಸದಕ್ಕೆ ನನ್ನ ಮತ. ಆದರೆ ಅದು ಆಟದ ಯಂತ್ರಕ್ಕಲ್ಲ, ಟಿ.ವಿ.ಗೆ. ಡುಬ್ಬದಂತೆ ಹಿಂಭಾಗವಿದ್ದ ಹಳೆಯ ಟಿ.ವಿ.ಗಳಲ್ಲಿ ಚಿತ್ರವೇ ಸೆಕೆಂಡಿಗೆ 50 ಸಲ ಮಿನುಗುತ್ತಿತ್ತು. ಹತ್ತಿರ ಕುಳಿತರೆ ಅದರ ಗೆರೆಗಳ ಕಂಪನವೊಂದೇ ಕೆಲವರಿಗೆ ಸಾಕಾಗುತ್ತಿತ್ತು. ಈಗಿನ ಚಪ್ಪಟೆ ಟಿ.ವಿ.ಗಳು ಹಾಗೆ ಮಿನುಗುವುದಿಲ್ಲ. ಅಟ್ಟದ ಮೇಲಿನ ಹಳೆಯ ಟಿ.ವಿ.ಯನ್ನು ಇಳಿಸಿ "ಆಟಕ್ಕೆ ಇದಿರಲಿ" ಎಂದು ಮಕ್ಕಳ ಕೋಣೆಯಲ್ಲಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಅದು ಬೇಡ. ಯಾವ ಟಿ.ವಿ.ಯಾದರೂ ಕೋಣೆಯ ದೀಪ ಹಚ್ಚಿರಲಿ, ಎಂಟು ಅಡಿ ದೂರವಿರಲಿ, ನಿದ್ದೆಗೆಟ್ಟ ದಿನ ಆಟವಿರದಿರಲಿ. ಪರದೆ ಭರಭರನೆ ಮಿನುಗಿ ಮಗುವಿಗೆ ಹೇಗೋ ಹೇಗೋ ಅನಿಸಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಲು ಕಲಿಸಿ. ಎರಡೂ ಕಣ್ಣನ್ನು ಒಮ್ಮೆಲೇ ಮುಚ್ಚಿಕೊಳ್ಳುವುದರಿಂದ ಪ್ರಯೋಜನವಿಲ್ಲ, ರೆಪ್ಪೆಯ ಮೂಲಕವೂ ಕೆಂಪು ಬೆಳಕು ಒಳಹೋಗುತ್ತದೆ.

ಫಿಟ್ಸ್ ಬಂದೇಬಿಟ್ಟರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೀಲಿಕೈ, ಕಬ್ಬಿಣ, ಉಳ್ಳಾಗಡ್ಡಿಯಿಂದ ಏನೂ ಆಗದು. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಹೆಬ್ಬೆರಳು, ಆಯಸ್ಕಾಂತ, ಕಹಿ

ಕೈಬೆರಳಿನ ನೋವು ದೊಡ್ಡ ಕಾಯಿಲೆಯಲ್ಲ, ಆದರೆ ಇದರ ಚರಿತ್ರೆ ಸ್ವಾರಸ್ಯವಾಗಿದೆ. 1990ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದು ತಾಸು ಬಿಡದೆ ಆಡಿ ಹೆಬ್ಬೆರಳು ನೋಯಿಸಿಕೊಂಡ 35 ವರ್ಷದ ಮಹಿಳೆಯ ಬಗ್ಗೆ ವೈದ್ಯರೊಬ್ಬರು ಪತ್ರ ಬರೆದರು. ರೋಗಕ್ಕೆ 'ನಿಂಟೆಂಡಿನೈಟಿಸ್' ಎಂದು ಹೆಸರಿಟ್ಟರು. 2006ರಲ್ಲಿ ಮೈ ಆಡಿಸಿ ಆಡುವ ವೀ ಎಂಬ ಹೊಸ ಯಂತ್ರ ಬಂತು. ಮರುವರ್ಷವೇ ಅದೇ ಪತ್ರಿಕೆಯಲ್ಲಿ, ಅದರಲ್ಲಿ ಟೆನಿಸ್ ಆಡಿ ಭುಜ ಹಿಡಿದುಕೊಂಡ ವೈದ್ಯನದೇ ವರದಿ ಬಂತು! ಯಂತ್ರ ಬದಲಾದರೆ ನೋವಿನ ಜಾಗ ಬದಲಾಗುತ್ತದೆ, ಅಷ್ಟೇ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಚಳಕು ಬಂದರೆ ಅಲ್ಲಿನ ಸ್ನಾಯುರಜ್ಜು ಬಾತಿದೆ ಎಂದು ತಿಳಿಯಿರಿ. ಒಂದೆರಡು ವಾರ ವಿಶ್ರಾಂತಿ ಕೊಟ್ಟರೆ ಹೆಚ್ಚಿನವರಿಗೆ ಇಳಿಯುತ್ತದೆ. ತಾಸಿಗೊಮ್ಮೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ ಎಂದು ಯಂತ್ರ ಮಾಡಿದವರೇ ಹೇಳುತ್ತಾರೆ.

ಹೊಸ ಸ್ವಿಚ್ ತರಿಸುವ ಮನೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಅಜ್ಜನೋ ಅಜ್ಜಿಯೋ ಇದ್ದರೆ ಒಂದು ಮಾತು. ಹಳೆಯದರ ಕಂಟ್ರೋಲರುಗಳು ಗಾಡಿಯಲ್ಲಿ ಜಾರಿ ಕೂರುತ್ತಿದ್ದವು, ಹೊಸದರವು ಆಯಸ್ಕಾಂತದಿಂದ ಅಂಟಿಕೊಳ್ಳುತ್ತವೆ. ಪೇಸ್‌ಮೇಕರ್ ಇರುವವರ ಹತ್ತಿರ ಇದನ್ನು ತರಬಾರದೆಂದು ಕಂಪನಿಯೇ ಎಚ್ಚರಿಸಿದೆ. ಮೊಮ್ಮಗ ಆಟ ಮುಗಿಸಿ ಅಜ್ಜನ ಎದೆಯ ಮೇಲೆ ಅದನ್ನಿಟ್ಟು ಮಲಗುವ ಮನೆಗಳು ನಮ್ಮವು.

ಇನ್ನು ಕೂಸುಗಳಿರುವ ಮನೆ. ಸ್ವಿಚ್‌ನ ಆಟದ ಬಿಲ್ಲೆ ಉಗುರಿನಷ್ಟೇ ಸಣ್ಣದು. ಕೂಸು ನುಂಗಬಾರದೆಂದು ಅದಕ್ಕೆ ತೀರಾ ಕಹಿಯಾದ ರಾಸಾಯನಿಕವೊಂದನ್ನು ಲೇಪಿಸಿರುತ್ತಾರೆ. ಮೊಲೆ ಬಿಡಿಸಲು ನಮ್ಮ ಹೆಂಗಸರು ಬೇವಿನ ರಸ ಹಚ್ಚುವ ಉಪಾಯವನ್ನು ಜಪಾನಿನವರೂ ಬಲ್ಲರು ಎಂದಾಯಿತು. ಆದರೂ ಕಹಿಯನ್ನು ನಂಬಿ ಬಿಲ್ಲೆಯನ್ನು ನೆಲದ ಮೇಲೆ ಬಿಡಬೇಡಿ.

ಮುಗಿಯುವ ಆಟ, ಮುಗಿಯದ ಆಟ

ಮಗು ಆಟವನ್ನು ಪ್ರೀತಿಸುವುದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಸೇರಿದೆ. ಆದರೆ ಅದರ ಲಕ್ಷಣಗಳು ಬಿಗಿಯಾಗಿವೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ಓದು, ಗೆಳೆಯರಿಗಿಂತ ಆಟವೇ ಮೇಲಾಗಿರಬೇಕು, ಹಾನಿಯಾಗುತ್ತಿದ್ದರೂ ಬಿಡಲಾಗದಿರಬೇಕು, ಮತ್ತು ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿರಬೇಕು. ರಜೆಯಲ್ಲಿ ನಾಲ್ಕು ದಿನ ಹುಚ್ಚು ಹಿಡಿದವನಂತೆ ಆಡಿದ ಹುಡುಗನಿಗೆ ಈ ಹೆಸರು ಅಂಟಿಸುವುದು ಅನ್ಯಾಯ.

ನನಗೆ ಹೆಚ್ಚು ಭಯವಿರುವುದು ಮೊಬೈಲಿನ ಪುಕ್ಕಟೆ ಆಟಗಳದ್ದು. ಅವು ಮುಗಿಯುವುದಿಲ್ಲ. ದಿನವೂ ಬಾ ಎಂದು ಕರೆಯುತ್ತವೆ, ಸೋತಾಗ ಹಣ ಕೊಟ್ಟು ಮುಂದೆ ಹೋಗು ಎನ್ನುತ್ತವೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ ಕಾನೂನು ತಂದು ನಿಷೇಧಿಸಿತು, ಒಳ್ಳೆಯದಾಯಿತು. ಆದರೆ ಆಟದೊಳಗೆ ಬಟ್ಟೆ, ಆಯುಧ ಮಾರುವ ಅಂಗಡಿಗಳು ಬೇರೆಯವು. ಇವುಗಳಿಗೆ ಹೋಲಿಸಿದರೆ, ಒಮ್ಮೆ ದುಡ್ಡು ಕೊಟ್ಟು ತಂದು, ಆಡಿ ಮುಗಿಸಿ, ಗೆಳೆಯನೊಡನೆ ಅದಲುಬದಲು ಮಾಡಿಕೊಳ್ಳುವ ಆಟವಿರುವ ಯಂತ್ರ ಎಷ್ಟೋ ಮೇಲು. ಅಣ್ಣ, ತಂಗಿ, ಮಾವ ಒಟ್ಟಿಗೆ ಕೂತು ನಕ್ಕು ಆಡಬಹುದು. ಆದ್ದರಿಂದ "ಯಂತ್ರ ಬೇಡವೇ ಬೇಡ, ಬೇಕಾದರೆ ನನ್ನ ಮೊಬೈಲ್ ತಗೋ" ಎನ್ನುವ ಪಾಲಕರ ನಿರ್ಧಾರ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ದುಬೈ ಕಾಕಾನಿಗೆ ಏನು ಹೇಳುವುದು? ಐದು ವರ್ಷದೊಳಗಿನ ಮಗುವಿಗಾದರೆ ಎರಡೂ ಬೇಡ, ಕಿನ್ನಾಳಕ್ಕೆ ಹೋಗಿ ಒಂದು ಗೊಂಬೆ ತನ್ನಿ. ಐದರಿಂದ ಹತ್ತು ಹನ್ನೆರಡರ ಮಕ್ಕಳಿಗೆ ನನ್ನ ಮತ ಹಳೆಯದಕ್ಕೆ, ಅಂದರೆ ಟಿ.ವಿ.ಗೆ ಜೋಡಿಸಬಲ್ಲ 2017ರ ಸ್ವಿಚ್‌ಗೆ. ಅದು ಹಗುರ, ಅದರ ಆಟಗಳು ಯಾವುವು ಮಕ್ಕಳಿಗೆ ತಕ್ಕವು ಎಂಬುದು ವರ್ಷಗಳಿಂದ ಎಲ್ಲರಿಗೂ ಗೊತ್ತಿದೆ, ಕೈಬದಲಾದ ಬಿಲ್ಲೆಗಳೂ ಸಿಗುತ್ತವೆ. ಹೊಸದರಲ್ಲಿ ಒಂದು ಗುಂಡಿ ಒತ್ತಿದರೆ ದೂರದವರೊಡನೆ ಮುಖ ನೋಡುತ್ತ ಮಾತನಾಡುವ ಸೌಲಭ್ಯವಿದೆ. 16 ವರ್ಷದೊಳಗಿನವರಿಗೆ ಇದನ್ನು ಪಾಲಕರು ತಮ್ಮ ಮೊಬೈಲಿನಿಂದ ಅನುಮತಿ ಕೊಟ್ಟು ತೆರೆಯಬೇಕು. ಹೈಸ್ಕೂಲು ದಾಟಿದ, ಮಾತು ಕೇಳುವ ಮಕ್ಕಳಿದ್ದು ಹಣವೂ ಇದ್ದರೆ ಹೊಸದನ್ನು ತರಿಸಿದರೆ ತಪ್ಪೇನಿಲ್ಲ. ಎರಡರಲ್ಲೂ ದಿನಕ್ಕೆ ಎಷ್ಟು ಹೊತ್ತು ಎಂದು ಗಡುವು ಹಾಕುವ ವ್ಯವಸ್ಥೆ ಇದೆ. ತಂದ ದಿನವೇ, ಮಕ್ಕಳು ಮುಟ್ಟುವ ಮೊದಲೇ ಹಾಕಿ. ವಾರದ ನಂತರ ಹಾಕಹೋದರೆ ಮನೆಯಲ್ಲಿ ಕುರುಕ್ಷೇತ್ರ. ಶಾಲೆಯ ದಿನ ಮುಕ್ಕಾಲು ತಾಸು, ರಜೆಯಲ್ಲಿ ಒಂದೂವರೆ ತಾಸು ಸಾಕೆಂದು ನನ್ನ ಅಂದಾಜು. ಯಂತ್ರ ಪಡಸಾಲೆ ಬಿಟ್ಟು ಹಾಸಿಗೆಗೆ ಬರಕೂಡದು. ಆರರಿಂದ ಹನ್ನೆರಡು ವಯಸ್ಸಿನ ಮಗುವಿಗೆ 9ರಿಂದ 12 ತಾಸು, ನಂತರದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಆಟ ಕದಿಯುವುದು ಮೊದಲು ಈ ನಿದ್ದೆಯನ್ನೇ. ದುಬೈ ಪ್ಲಗ್ಗಿನ ಪಿನ್ನುಗಳು ನಮ್ಮವಕ್ಕೆ ಹೊಂದುವುದಿಲ್ಲ. ಸಡಿಲ ಅಡಾಪ್ಟರು ಸಿಕ್ಕಿಸಿ ಕಿಡಿ ಹಾರಿಸಿಕೊಳ್ಳದೆ ಗಟ್ಟಿಯಾದದ್ದನ್ನು ಕೊಳ್ಳಿ.

ಯಂತ್ರ ಕೊಳ್ಳುವ ಮೊದಲು ಮಗುವಿನ ಕಣ್ಣನ್ನು ಒಮ್ಮೆ ತೋರಿಸಿ. ಚಷ್ಮಾ ಇರುವವರು ಆರು ತಿಂಗಳಿಗೊಮ್ಮೆ ತೋರಿಸಿ. ಬೆಳಗಿನ ಹೊತ್ತು ಕೈ ಅದುರುವುದು, ಆಡುವಾಗ ಕೆಲವು ಕ್ಷಣ ಕಣ್ಣು ನೆಟ್ಟು ಮೈಮರೆಯುವುದು ಕಂಡರೆ ಬೈಯಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಬನ್ನಿ. ಆಟ ನಿಲ್ಲಿಸಿದರೆ ಊಟ ಬಿಡುವ, ಶಾಲೆ ತಪ್ಪಿಸುವ, ಮನೆಯವರ ಮೇಲೆ ಕೈ ಮಾಡುವ ಮಟ್ಟಕ್ಕೆ ಹೋಗಿದ್ದರೆ ಮನೋವೈದ್ಯರ ಸಲಹೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶಟ್ ಎಂಬ ಚಿಕಿತ್ಸಾಲಯ ಆರಂಭವಾಗಿದೆ. ಅಷ್ಟು ದೂರ ಹೋಗುವ ಮೊದಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.